ರತ್ನಮ್ಮನ ನಳ ಒಣಗಿದ ಬೆಳಿಗ್ಗೆ

ರತ್ನಮ್ಮನ ಮನೆಯ ನಳವನ್ನು ಒಣಗಿಸಿದವನು ನಾನು. ಆ ಬೆಳಿಗ್ಗೆ ನಮ್ಮ ಬೀದಿಯ ಪೈಪಿನಲ್ಲಿ ನೀರಿತ್ತು — ಬೇಕಾದಷ್ಟು ಇತ್ತು. ಅದು ಕೊನೆಯ ಮನೆಗೆ ಮುಟ್ಟದ ಹಾಗೆ ಮಾಡಿ, ಪಾಲಿಕೆ ಕಚೇರಿಯಿಂದ ಬಂದ ಇಂಜಿನಿಯರ್ ಮೇಡಂ ಎದುರು ನಿಂತು, ಇಲ್ಲಿಗೆ ನೀರು ಮುಟ್ಟುವುದಿಲ್ಲ ಎಂದು ಹೇಳಿದವನೂ ನಾನೇ. ಆ ಒಂದು ಮಾತಿಗೆ ರತ್ನಮ್ಮ ತನ್ನ ಮನೆಯ ಮೇಲೆ ಎರಡು ಮಹಡಿ ಏರಿಸುವ ಆಸೆಯನ್ನು ಬಿಟ್ಟುಕೊಟ್ಟಳು. ಇದನ್ನು ನಾನು ಗುಟ್ಟು ಎನ್ನುತ್ತೇನೆ, ಆದರೆ ಬೀದಿಗೆಲ್ಲ ಗೊತ್ತಿದ್ದ ಗುಟ್ಟು ಇದು. ಗೊತ್ತಿಲ್ಲದಿದ್ದವಳು ರತ್ನಮ್ಮ ಒಬ್ಬಳೇ.

ಒಂದೆಡೆ ಕೂತು ಬರೆಯಲು ಆಗುತ್ತಿಲ್ಲ. ಎರಡು ಸಾಲು ಬರೆಯುತ್ತೇನೆ, ಏಳುತ್ತೇನೆ, ಗೇಟಿನ ತನಕ ಹೋಗುತ್ತೇನೆ, ಬೀದಿಯ ಆ ಕೊನೆಯ ಕಡೆ ನೋಡುತ್ತೇನೆ, ತಿರುಗಿ ಬರುತ್ತೇನೆ. "ಕಾಲಿಗೆ ಗಾಲಿ ಕಟ್ಟಿಗೊಂಡೀರೇನ್ರಿ?" ಎಂದು ಹೆಂಡತಿ ಗಿರಿಜಾ ಒಳಗಿನಿಂದಲೇ ಕೇಳಿದಳು. ಏನು ಬರೆಯುತ್ತಿದ್ದೇನೆ ಎಂದು ಮಾತ್ರ ಕೇಳಲಿಲ್ಲ. ಅವಳಿಗೆ ಅಂದಾಜು ಇದ್ದೇ ಇದೆ.

ನನ್ನ ಹೆಸರು ವೀರಭದ್ರಪ್ಪ. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ನಮ್ಮದು ಸ್ವಂತ ಮನೆ. ನೀರಾವರಿ ಇಲಾಖೆಯ ನೌಕರಿಯೆಲ್ಲ ಸಿರುಗುಪ್ಪದ ಕಡೆ ಕಾಲುವೆ ನೋಡಿಕೊಳ್ಳುವುದರಲ್ಲಿ ಕಳೆಯಿತು. ಕಾಲುವೆ ಎಂದರೆ ಏನೆಂದು ತಿಳಿಯದವರಿಗೆ ಒಂದೇ ಮಾತು ಹೇಳುತ್ತೇನೆ: ಮೇಲಿನವನು ತೂಬು ಎತ್ತಿದರೆ ಕೆಳಗಿನವನ ಗದ್ದೆ ಒಣಗುತ್ತದೆ. ಮೇಲಿನ ಊರಿನವರು ಎರಡು ಬೆಳೆ ಭತ್ತ ಬೆಳೆಯುತ್ತಾರೆ, ಕೊನೆಯ ಊರಿನವರು ಕಾಲುವೆಯ ತಳದಲ್ಲಿ ದನ ಮೇಯಿಸುತ್ತಾರೆ. ದೊಡ್ಡ ಅಧಿಕಾರಿಗಳು ನೋಡಲು ಬರುತ್ತಾರೆ ಎಂದರೆ ಮೇಲಿನ ತೂಬುಗಳೆಲ್ಲ ಆ ಒಂದು ದಿನಕ್ಕೆ ಮುಚ್ಚಿಕೊಳ್ಳುತ್ತವೆ. ಕೊನೆಯಲ್ಲಿ ನೀರು ಥಳಥಳ ಹೊಳೆಯುತ್ತದೆ. ಅಧಿಕಾರಿ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಮರುದಿನ ಯಥಾಪ್ರಕಾರ.

ಈ ಆಟಗಳನ್ನೆಲ್ಲ ಹಿಡಿದವನು ನಾನು, ಮುರಿದವನೂ ಹೌದು. ಏರಿಯ ಮೇಲೆ ಬೈಕು ಹಾಕಿಕೊಂಡು ತಿರುಗಿ, ಬೈಸಿಕೊಂಡು, ಒಮ್ಮೆ ಕಲ್ಲೇಟು ತಿಂದು, ಹಚ್ಚೊಳ್ಳಿಯ ಕಡೆಯ ಕೊನೆಯ ಗದ್ದೆಗಳಿಗೆ ಪಾಳಿಯ ನೀರು ಮುಟ್ಟಿಸಿದ್ದೇನೆ. ಅಲ್ಲಿನ ರೈತರು ಕೊಡಲು ತಂದ ಸೋನಾ ಅಕ್ಕಿಯ ಚೀಲವನ್ನು ಬಾಗಿಲಿನಿಂದಲೇ ವಾಪಸು ಕಳಿಸಿದ್ದೇನೆ. ಇದು ಜಂಬ ಎನ್ನಿ, ಹೌದು, ಜಂಬವೇ. ನಿವೃತ್ತಿಯ ಮೇಲೆ ನನಗೆ ಉಳಿದದ್ದು ಆ ಜಂಬ ಒಂದೇ.

ರತ್ನಮ್ಮ ಅದೇ ಹಚ್ಚೊಳ್ಳಿಯವಳು. ಜೀನ್ಸ್ ಪ್ಯಾಂಟು ಹೊಲಿದು ಹೊಲಿದು, ನಮ್ಮ ಬೀದಿಯ ಇಳಿಜಾರಿನ ಕೊನೆಯಲ್ಲಿದ್ದ ಒಂದು ಹಳೆಯ ಹೆಂಚಿನ ಮನೆ ಕೊಂಡವಳು. ಗಂಡ ಲಾರಿ ಡ್ರೈವರ್, ಬಂದರೆ ಬಂದ ಇಲ್ಲದಿದ್ದರೆ ಇಲ್ಲ. ಬಂದ ಹೊಸತರಲ್ಲಿ ನಾನು ಯಾರೆಂದು ತಿಳಿದು ಮನೆಗೇ ಬಂದಳು. "ಗದ್ದಿಗೆ ನೀರು ಏರಿದಾಗೆಲ್ಲ ನಮ್ಮಪ್ಪ ನಿಮ್ಮ ಹೆಸರು ತಗೀತಿದ್ದ್ರಿ ಸಾಹೇಬ್ರ," ಎಂದು ಗಿರಿಜಾಳ ಮುಂದೆಯೇ ಹೇಳಿದಳು. ಆ ದಿನ ನನಗೆ ಊಟ ಸ್ವಲ್ಪ ಹೆಚ್ಚೇ ಸೇರಿತು.

ಅವಳ ಪಡಸಾಲೆಯಲ್ಲಿ ಹೊಲಿಗೆ ಯಂತ್ರಗಳಿದ್ದವು. ಬಾದನಹಟ್ಟಿ ಹಳ್ಳಿಯಿಂದ ನಾಲ್ಕು ಜನ ಹೆಣ್ಣುಮಕ್ಕಳು ಬಸ್ಸಿನಲ್ಲಿ ಬಂದು ಹೊಲಿಯುತ್ತಿದ್ದರು. ಅವರಲ್ಲಿ ಹುಲಿಗೆಮ್ಮ ಎಂಬವಳು ಜೋರು. ಅವಳ ನಗು ಬೀದಿಯ ಈ ಕೊನೆಗೂ ಕೇಳುತ್ತಿತ್ತು. ಪ್ಯಾಂಟಿಗೆ ಕಿಸೆ ಕೂಡಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ ಎಂದು ರತ್ನಮ್ಮ ಹೇಳುತ್ತಿದ್ದಳು. ಕೆಲಸ ಹೆಚ್ಚಿದ ದಿನಗಳಲ್ಲಿ ಕೈಯಲ್ಲಿದ್ದುದನ್ನು ಅರ್ಧಕ್ಕೆ ಬಿಟ್ಟು ಸಂಜೆಯ ಬಸ್ಸಿಗೆ ಓಡಬೇಕು. ತಡವಾದರೆ ಮನೆಯಲ್ಲಿ ಅತ್ತೆಯ ಬಾಯಿ. ಹಾಗಾಗಿ ರತ್ನಮ್ಮ ಒಂದು ಯೋಚನೆ ಮಾಡಿದಳು — ಹೆಂಚು ಇಳಿಸಿ, ಮೇಲೆ ಎರಡು ಮಹಡಿ ಕಟ್ಟಿ, ನಾಲ್ಕು ಸಣ್ಣ ಮನೆ ಮಾಡಿ, ನಾಲ್ವರನ್ನೂ ಮಕ್ಕಳ ಸಮೇತ ಇಲ್ಲಿಯೇ ಇಟ್ಟುಕೊಳ್ಳುವುದು. ಕೆಳಗೆ ಹೊಲಿಗೆ, ಮೇಲೆ ಸಂಸಾರ. ಹುಲಿಗೆಮ್ಮನ ಮಗಳನ್ನು ಇಲ್ಲಿನ ಹೈಸ್ಕೂಲಿಗೆ ಸೇರಿಸುವುದೆಂದೂ ಮಾತಾಗಿತ್ತು.

ಒಮ್ಮೆ, ಬೇಸಿಗೆಯಲ್ಲಿ, ಹುಲಿಗೆಮ್ಮ ಬಸ್ಸಿನಿಂದ ಇಳಿದು ಬರುವಾಗ ನಮ್ಮ ಗೇಟಿನ ಹತ್ತಿರ ನಿಂತು ನೀರು ಕೇಳಿದಳು. ನಾನೇ ಒಳಗೆ ಹೋಗಿ ಒಂದು ಹಳೆಯ ಪ್ಲಾಸ್ಟಿಕ್ ಬಾಟಲಿಯಲ್ಲಿ ತಂದುಕೊಟ್ಟೆ. "ಬಾಟ್ಲಿ ವಾಪಸ್ ಬ್ಯಾಡವ್ವಾ, ನೀನ ಇಟಗೋ" ಎಂದೆ. ಆಗ ಅದನ್ನು ನಾನು ಔದಾರ್ಯ ಎಂದುಕೊಂಡಿದ್ದೆ.

ಅಲ್ಲಿಯವರೆಗೆ ನಮ್ಮ ಬೀದಿಯಲ್ಲಿ ನೆಲದ ಮೇಲೆ ಒಂದೇ ಮಹಡಿ ಎಂಬ ಕಟ್ಟುಪಾಡಿತ್ತು. ರಸ್ತೆ ಅಗಲ ಇರುವ ಕಡೆ ಇನ್ನಷ್ಟು ಏರಿಸಬಹುದು ಎಂದು ಆ ವರ್ಷ ಪಾಲಿಕೆಯವರು ಸಡಿಲ ಮಾಡಿದರು. ನಮ್ಮ ಬೀದಿ ಬ್ರಿಟಿಷರ ದಂಡಿನ ಕಾಲದ್ದು, ಅಗಲಕ್ಕೇನು ಕಡಿಮೆ? ಆದರೆ ಮೊದಲು ಬೀದಿಯವರ ಅಭಿಪ್ರಾಯ ಕೇಳಬೇಕು, ಸ್ಥಳ ನೋಡಬೇಕು ಎಂದಿತ್ತು. ಎಲ್ಲರಿಗಿಂತ ಮೊದಲು ಅರ್ಜಿ ಹಾಕಿದವಳು ರತ್ನಮ್ಮ.

ನಮ್ಮ ಜಗುಲಿಯ ಮೇಲೆ ಸಭೆ ಸೇರಿತು. ನಾನು ಬೀದಿಯ ಸಂಘದ ಅಧ್ಯಕ್ಷ, ಜಗುಲಿ ನಮ್ಮದೇ ಆಗಬೇಕಲ್ಲ. ಚರಂಡಿ ಸಣ್ಣದು ಎಂದರು. ಬಿಸಿಲು ಬೀಳುವುದಿಲ್ಲ, ಮೇಲಿನಿಂದ ನಮ್ಮ ಹಿತ್ತಲು ಕಾಣುತ್ತದೆ, ಗಾಡಿ ಎಲ್ಲಿ ನಿಲ್ಲಿಸುತ್ತಾರೆ ಎಂದರು. ಇವೆಲ್ಲ ಸುಳ್ಳು ಚಿಂತೆಗಳು ಎಂದು ಇವತ್ತಿಗೂ ಹೇಳಲಾರೆ — ಇವಕ್ಕೆ ಉತ್ತರ ಹುಡುಕಬಹುದಿತ್ತು, ಅಷ್ಟೇ. ಎದುರು ಮನೆಯ ಬಟ್ಟೆ ಅಂಗಡಿ ಶೆಟ್ಟರು ಮಾತ್ರ ಸುತ್ತಿ ಬಳಸಿ ಮಾತಾಡಲಿಲ್ಲ. "ಮ್ಯಾಲೆ ಬರೋವ್ರು ಯಾವ ಜನ ಅಂತ ಕೇಳೀರೇನ್ರಿ ಸರ?" ಎಂದರು. ಎಲ್ಲರೂ ಚಹಾದ ಕಪ್ಪು ಎತ್ತಿಕೊಂಡರು.

ನಾನು ಎದ್ದು ನಿಂತು ಭಾಷಣ ಮಾಡಿದೆ. "ನಮ್ಮ ಬೀದಿ ಹೆಂಗಿರಬೇಕು ಅಂತ ಇಲ್ಲಿ ಇರೋ ನಾವು ಹೇಳಬೇಕೋ, ಎಲ್ಲೋ ಕುಂತವರು ಹೇಳಬೇಕೋ?" ಎಂದೆ. ಚಪ್ಪಾಳೆ ಬಿತ್ತು. ಆ ಮಾತಿನಲ್ಲಿ ತಪ್ಪೇನಿಲ್ಲ, ಇವತ್ತಿಗೂ ಅದನ್ನು ನಂಬುತ್ತೇನೆ. ಆದರೆ ಆ 'ನಾವು' — ರತ್ನಮ್ಮನೂ ಅದೇ ಬೀದಿಯವಳು, ಕೂಗಿದರೆ ಕೇಳುವಷ್ಟು ದೂರದಲ್ಲಿ ಹೊಲಿಯುತ್ತ ಕೂತಿದ್ದಳು. ಅವಳನ್ನು ಕರೆಯಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಹೊಳೆದರೂ...

ಕೊನೆಗೆ ನೀರಿನ ಕಾರಣ ಹೇಳುವುದೆಂದು ತೀರ್ಮಾನವಾಯಿತು. ಬಳ್ಳಾರಿಯಲ್ಲಿ ನೀರು ಎಂದರೆ ಯಾರೂ ಎದುರು ಮಾತಾಡುವುದಿಲ್ಲ. ದಿನ ಬಿಟ್ಟು ದಿನ ಕಾದು ಕೊಡ ತುಂಬುವ ಊರು. ಇನ್ನೂ ನಾಲ್ಕು ಸಂಸಾರ ಬಂದರೆ ನೀರು ಸಾಲುವುದಿಲ್ಲ ಎಂದರೆ ಆಯಿತು. ಒಂದೇ ತೊಡಕು: ಸಾಲುತ್ತಿತ್ತು. ಬೀದಿ ಇಳಿಜಾರು, ಕೊನೆಯಲ್ಲಿರುವ ರತ್ನಮ್ಮನ ನಳಕ್ಕೆ ನಮಗಿಂತ ಜೋರಾಗಿಯೇ ಬರುತ್ತಿತ್ತು. "ಇಂಜಿನಿಯರು ಬಂದು ನಳ ತಿರುವಿ ನೋಡಿದ್ರ ನಮ್ಮ ಮಾನ ಹೋಗತೈತಿ" ಎಂದರು ಶೆಟ್ಟರು. ಆಗ ನಾನು — ಬೇರೆ ಯಾರೂ ಅಲ್ಲ, ನಾನು — "ಅದನ್ನ ನನಗ ಬಿಡ್ರಿ" ಎಂದೆ.

ಕಾಲುವೆಯಲ್ಲಿ ನಾನು ಕಂಡ ಆಟವನ್ನು ಇಲ್ಲಿ ತಿರುವು ಮುರುವು ಮಾಡಿದೆ. ಅಲ್ಲಿ ನೋಡಲು ಬಂದ ದಿನ ಮೇಲಿನವರು ತೂಬು ಮುಚ್ಚುತ್ತಿದ್ದರು, ಇಲ್ಲಿ ತೆರೆಯಬೇಕು. ನಮ್ಮ ಬೀದಿಯಲ್ಲಿ ಮನೆಮನೆಗೂ ಒಂದು ಮೋಟಾರಿದೆ, ಪೈಪಿಗೇ ಹಚ್ಚಿ ಎಳೆಯುವಂಥದ್ದು. ಹಚ್ಚಬಾರದು ಎಂಬುದು ಕಾನೂನು, ಕಲ್ಲುಚಪ್ಪಡಿಯ ಕೆಳಗೆ ಬಚ್ಚಿಡುವುದು ರೂಢಿ. ನೀರು ಬಿಡುವ ದಿನ ಇಂಜಿನಿಯರ್ ಬರುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಮೋಟಾರು ಚಾಲೂ ಮಾಡಬೇಕು ಎಂದೆ. ಸಂಪು ತುಂಬಿದ್ದರೆ ಮೋಟಾರು ಎಷ್ಟು ಹೊತ್ತು ಎಳೆದೀತು? ಹಾಗಾಗಿ ಹಿಂದಿನ ದಿನವೇ ಸಂಪು ಖಾಲಿ ಮಾಡಿ ಎಂದೂ ನಾನೇ ಹೇಳಿಕೊಟ್ಟೆ.

ಆ ಸಂಜೆ ನಮ್ಮ ಬೀದಿಯನ್ನು ನೀವು ನೋಡಬೇಕಿತ್ತು. ಸುಡು ಬೇಸಿಗೆಯಲ್ಲಿ ಒಬ್ಬರು ಕಂಪೌಂಡ್ ಗೋಡೆ ತೊಳೆಯುತ್ತಿದ್ದರು, ಒಬ್ಬರು ಕಾರು, ಶೆಟ್ಟರು ಡಾಂಬರು ರಸ್ತೆಗೇ ನೀರು ಹೊಡೆಯುತ್ತಿದ್ದರು. ನಾನು ಕ್ರೋಟನ್ ಗಿಡಗಳಿಗೆ ಪೈಪು ಹಿಡಿದು ನಿಂತಿದ್ದೆ. "ಕುಡಿಯೂ ನೀರಲ್ಲೇನ್ರಿ ಅದು? ಯಾಕ ಸುರೀತೀರಿ?" ಎಂದು ಗಿರಿಜಾ ಕೇಳಿದಳು. ಹೇಳಿದೆ. ಅಂದಿನಿಂದ ನಾನು ಕಾಲುವೆಯ ಕಥೆ ತೆಗೆದರೆ ಸಾಕು, ಏನೋ ಕೆಲಸ ನೆನಪಾದವಳಂತೆ ಎದ್ದು ಒಳಗೆ ಹೋಗುತ್ತಾಳೆ.

ಬೆಳಿಗ್ಗೆ ಇಂಜಿನಿಯರ್ ಮೇಡಂ ಬಂದರು. ವಯಸ್ಸಿನ್ನೂ ಚಿಕ್ಕದು, ನನ್ನ ಹಳೆಯ ಹುದ್ದೆ ಕೇಳಿ ಗೌರವದಿಂದ ನಮಸ್ಕಾರ ಮಾಡಿದರು. ರತ್ನಮ್ಮ ಅಂಗಳ ಸಾರಿಸಿ ರಂಗೋಲಿ ಹಾಕಿದ್ದಳು. ಹುಲಿಗೆಮ್ಮ ಮತ್ತು ಉಳಿದವರು ಯಂತ್ರ ನಿಲ್ಲಿಸಿ ಬಾಗಿಲಲ್ಲಿ ನಿಂತಿದ್ದರು. ನಳ ತಿರುವಿದಾಗ ಸುಸ್ ಎಂದು ಗಾಳಿ ಬಂತು. ಎರಡು ಹನಿ ಬಿದ್ದವು. ಮತ್ತೆ ಗಾಳಿ.

"ದಿನಾ ಹಿಂಗಿಲ್ರಿ ಮೇಡಂ... ಇವತ್ತ ಯಾಕೋ..." ರತ್ನಮ್ಮ ನಳವನ್ನು ಮುಚ್ಚಿ ತೆರೆದು, ಮುಚ್ಚಿ ತೆರೆದು ಮಾಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಆ ಮುಖದಲ್ಲಿ ಸಂಶಯ ಇರಲಿಲ್ಲ. ಸಂಶಯ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! "ಸಾಹೇಬ್ರ, ನೀವ ಹೇಳ್ರಿ. ನೀರಿನ ವಿಚಾರ ನಿಮಗಿಂತ ಯಾರಿಗೆ ತಿಳೀತೈತಿ? ಈ ಕೊನಿಗೆ ನೀರು ಮುಟ್ಟತೈತೋ ಇಲ್ಲೋ?"

"ಮುಟ್ಟಂಗಿಲ್ಲ ರತ್ನಮ್ಮ," ಎಂದೆ. "ನಾ ಜೀವನಾ ಪೂರ್ತಿ ನೀರು ನೋಡಿದವ. ಮುಟ್ಟಂಗಿಲ್ಲ."

ಮೇಡಂ ಇನ್ನೊಂದು ದಿನ ಬಂದು ನೋಡುತ್ತೇನೆ ಎಂದರು. ಅವರು ನೋಡಿದ್ದರೆ ನಮ್ಮ ಆಟ ಬಯಲಾಗುತ್ತಿತ್ತು — ದಿನವೂ ಸಂಪು ಖಾಲಿ ಮಾಡಲು ಸಾಧ್ಯವೇ? ಆದರೆ ರತ್ನಮ್ಮನೇ ಬೇಡ ಎಂದಳು. "ಸಾಹೇಬ್ರ ಹೇಳಿದ ಮ್ಯಾಲೆ ಮುಗೀತ್ರಿ. ನಾನು ಹಚ್ಚೊಳ್ಳಿಯಾಕಿ. ಒಬ್ಬರ ನೀರು ಒಬ್ಬರು ಎಳಕೊಂಡ್ರ ಏನಾಕ್ಕೈತಿ ಅಂತ ನೋಡಿ ಬೆಳದಾಕಿ. ಮಂದಿ ಬಾಯಾಗಿನ ನೀರು ಕಸಗೊಂಡು ನನಗ ಮನಿ ಬ್ಯಾಡ." ಹೀಗೆಂದು ಅರ್ಜಿಯನ್ನು ತಾನೇ ಹಿಂದಕ್ಕೆ ತೆಗೆದುಕೊಂಡಳು. ಕಚೇರಿಯವರು ಬೇಡ ಎನ್ನಲಿಲ್ಲ, ಕಾನೂನು ಬೇಡ ಎನ್ನಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಹೊಲದವಳು ಬೇಲಿಗೇ ಕೈ ಮುಗಿದಳು. ಹಿಂದೆ ಬಾಗಿಲಲ್ಲಿ ನಿಂತಿದ್ದ ಹುಲಿಗೆಮ್ಮ ಒಳಗೆ ಹೋದಳು. ಯಂತ್ರದ ಸದ್ದು ಮತ್ತೆ ಶುರುವಾಯಿತು.

ಆಮೇಲೆ ಒಂದೊಂದಾಗಿ ಆದದ್ದನ್ನು ನಾನು ನೋಡುತ್ತಲೇ ಇದ್ದೆ. ಬಾದನಹಟ್ಟಿಯವರಲ್ಲಿ ಮೂವರು ಬಸ್ಸಿನ ಓಡಾಟ ಸಾಕಾಗಿ ಬಿಟ್ಟರು. ಹುಲಿಗೆಮ್ಮ ಹಟ ಹಿಡಿದು ಇನ್ನೂ ಕೆಲವು ಕಾಲ ಬಂದಳು. ಒಂದು ದಿನ ತಡವಾಗಿ ಮನೆ ಸೇರಿದ್ದಕ್ಕೆ ದೊಡ್ಡ ಜಗಳವಾಗಿ, ಮನೆಯವರು ಅವಳನ್ನೂ ಬಿಡಿಸಿದರು. ಈಗ ಭತ್ತದ ನಾಟಿಗೆ ಹೋಗುತ್ತಾಳಂತೆ. ಮಗಳ ಓದು ಹೈಸ್ಕೂಲಿಗೆ ಬರುವ ಮುಂಚೆಯೇ ನಿಂತಿತು. ರತ್ನಮ್ಮ ಯಂತ್ರಗಳನ್ನು ಮಾರಿ ಒಂದನ್ನು ಇಟ್ಟುಕೊಂಡಳು. ಬೀದಿ ತಣ್ಣಗಾಯಿತು. ಹಾಗೆ ತಣ್ಣಗಾದದ್ದು ನಮಗೆಲ್ಲ ಹಿತವಾಗಿಯೇ ಇತ್ತು.

ಇದಕ್ಕಿಂತ ನಾಚಿಕೆಯ ಸಂಗತಿ ಇನ್ನೂ ಇದೆ, ಬರೆಯದೆ ಬಿಡುವ ಹಾಗಿಲ್ಲ. ಕೆಲವು ವರ್ಷಗಳ ಮೇಲೆ ನಮ್ಮ ಮನೆಯ ಮೇಲೆ ನಾನೇ ಎರಡು ಮಹಡಿ ಕಟ್ಟಿದೆ. ಬೀದಿಯ ಒಬ್ಬರೂ ತಕರಾರು ಎತ್ತಲಿಲ್ಲ. ಒಂದಕ್ಕೆ ಬ್ಯಾಂಕಿನವರು ಬಾಡಿಗೆಗೆ ಬಂದರು, ಇನ್ನೊಂದಕ್ಕೆ ಡಾಕ್ಟರ್ ದಂಪತಿ. ಅದೇ ಪೈಪು, ಅದೇ ನೀರು, ಎಲ್ಲರಿಗೂ ಸಾಕಾಗಿ ಉಳಿಯುತ್ತದೆ. ಗೃಹಪ್ರವೇಶಕ್ಕೆ ರತ್ನಮ್ಮ ಬಂದಳು, ಗಿರಿಜಾಳಿಗೆ ಕುಪ್ಪಸದ ಖಣ ಹಿಡಿದುಕೊಂಡು. ಮೆಟ್ಟಿಲು ಹತ್ತಿ ಎಲ್ಲ ಕೋಣೆ ನೋಡಿ, "ನೀರು ಸಾಲತೈತೇನ್ರಿ ಸಾಹೇಬ್ರ ಈಗ?" ಎಂದು ಕೇಳಿದಳು. ಚುಚ್ಚಲು ಕೇಳಿದ್ದಲ್ಲ. ನಿಜವಾಗಿ ಕಾಳಜಿಯಿಂದ ಕೇಳಿದ್ದು.

"ಬೋರ್ ಹಾಕಸೀನಿ" ಎಂದೆ.

ಬೋರ್ ಎಲ್ಲಿದೆ? ಇಲ್ಲ. "ಹಂಗಾದ್ರ ಬೇಷಾತು ಬಿಡ್ರಿ" ಎಂದು ಹೋಳಿಗೆ ಊಟ ಮಾಡಿ ಹೋದಳು. ಹೋಗುವಾಗ ಗಿರಿಜಾ ಅವಳ ಉಡಿ ತುಂಬಿ, ಗೇಟಿನ ತನಕ ಕಳಿಸಿ ಬಂದು, ನನ್ನ ಮುಖ ನೋಡದೆ ಅಡುಗೆ ಮನೆಗೆ ಹೋದಳು. ಮೊದಲನೆಯ ಸುಳ್ಳಿಗೆ ಇಡೀ ಬೀದಿಯ ಜೊತೆಯಿತ್ತು. ಎರಡನೆಯದು ನನ್ನೊಬ್ಬನದೇ.

ಇಷ್ಟಾದರೂ ನಾನು ಸುಮ್ಮನೆ ಇರುತ್ತಿದ್ದೆನೇನೋ. ಹೋದ ವಾರ ಶೆಟ್ಟರು ಬಂದರು. ಹಿಂದಿನ ಬೀದಿಯಲ್ಲಿ ಒಬ್ಬರು ತಮ್ಮ ಖಾಲಿ ಜಾಗದಲ್ಲಿ ಸಣ್ಣ ಸಣ್ಣ ಮನೆಗಳನ್ನು ಕಟ್ಟಿ, ಕುರುಗೋಡು, ಸಿರುಗುಪ್ಪದ ಕಡೆಯಿಂದ ದುಡಿಯಲು ಬರುವವರಿಗೆ ಬಾಡಿಗೆಗೆ ಕೊಡುತ್ತಾರಂತೆ. ಭಾನುವಾರ ಎರಡೂ ಬೀದಿಯವರ ಸಭೆ. "ಹೋದ ಸಲದಂಗ ಒಂದು ಕೈ ನೋಡಿಬಿಡ್ರಿ ಸರ. ಆ ವಿದ್ಯಾ ನಿಮಗ ಬರೂವಷ್ಟು ಚಂದ ಯಾರಿಗೆ ಬರ್ತೈತಿ?" ಎಂದು ನಕ್ಕರು. ಹೊಗಳುವ ದನಿಯಲ್ಲೇ ಹೇಳಿದರು. ನನ್ನ ಹೆಸರಿಗೆ ಈಗ ಉಳಿದಿರುವ ವಿದ್ಯೆ ಇದು ಎಂದು ಆಗ ತಿಳಿಯಿತು. ಅವರನ್ನು ಕಳಿಸಿ, ಚಪ್ಪಲಿ ಮೆಟ್ಟಿ, ಸೀದಾ ರತ್ನಮ್ಮನ ಮನೆಗೆ ಹೋದೆ.

ಹೊಲಿಯುತ್ತಿದ್ದಳು. "ಬರ್ರಿ ಸಾಹೇಬ್ರ, ಕೂಡ್ರಿ," ಎಂದಳು. ಕೂಡಲಿಲ್ಲ. ನಿಂತೇ ಹೇಳಿದೆ — ಸಂಪು, ಮೋಟಾರು, ಇಲ್ಲದ ಬೋರು, ಎಲ್ಲ. ಹೇಳುವಾಗ ಅವಳು ಯಂತ್ರ ನಿಲ್ಲಿಸಲಿಲ್ಲ. ಹೊಲಿಗೆ ಅಂಚಿಗೆ ಬಂದ ಮೇಲೆ ನಿಲ್ಲಿಸಿ ದಾರ ಕತ್ತರಿಸಿದಳು. ಬಟ್ಟೆಯನ್ನು ಮಡಿಚಿ ಪಕ್ಕಕ್ಕೆ ಇಟ್ಟಳು. ಅವಳು ಬೈಯಲಿ ಎಂದು ಕಾದೆ. ಅಳುತ್ತಾಳೆ ಎಂದೂ ಹೆದರಿದ್ದೆ.

"ನನಗ ಹೇಳಿದ್ರ ಏನು ಬಂತ್ರಿ?" ಎಂದಳು. ಸಾಹೇಬ್ರ ಎಂಬುದು ಆ ಮಾತಿನಲ್ಲಿ ಇರಲಿಲ್ಲ. "ನಿಮ್ಮ ಎದಿ ಹಗುರಾತು. ಹುಲಿಗೆಮ್ಮನ ಮಗಳು ತಿರುಗಿ ಸಾಲಿಗೆ ಹೋಗ್ತಾಳೇನು?"

ನಾನು ಏನೋ ಹೇಳಲು ಹೋದೆ — ಈಗಲಾದರೂ ಕಟ್ಟು, ನಾನೇ ನಿಂತು ಅನುಮತಿ ಕೊಡಿಸುತ್ತೇನೆ, ಎಂಬಂಥದ್ದು. ಅವಳು ಕೈ ಅಡ್ಡ ಮಾಡಿದಳು.

"ಕಟ್ಟಿ ಯಾರನ್ನ ಇಡ್ಲಿ? ಬರೋವ್ರು ಹೋದ್ರು. ಹೇಳೂದಿದ್ರ ಮಂದಿ ಮುಂದ ಹೇಳ್ರಿ. ಹೇಳೂಮುಂದ ನೀರಿನ ಮಾತು ಎತ್ತಬ್ಯಾಡ್ರಿ. ನೀರು ನೀರು ಅಂದು ಅಂದು ನೀವು ಅದರ ಹಿಂದ ನಿಂತೀರಿ, ಈಗೂ ಅಲ್ಲೇ ನಿಂತೀರಿ. ಯಾಕ ಮಾಡಿದ್ರಿ ಅನ್ನೋದು ಹೇಳ್ರಿ. ಅದು ಬಾಯಾಗ ಬರಲಿಲ್ಲ ಅಂದ್ರ ಹೇಳಾಕ ಹೋಗಬ್ಯಾಡ್ರಿ."

ಮತ್ತೆ ಬಟ್ಟೆ ಎತ್ತಿಕೊಂಡಳು. ನಾನು ಹೊರಗೆ ಬಂದೆ.

ಅವತ್ತಿನಿಂದ ಬೀದಿಯಲ್ಲಿ ಹಿಂದಕ್ಕೂ ಮುಂದಕ್ಕೂ ತಿರುಗುತ್ತ ಆ ಮಾತನ್ನು ಆಡಿ ನೋಡುತ್ತಿದ್ದೇನೆ. ಪ್ರತಿ ಸಲವೂ ನಾಲಗೆ ಜಾರಿ ಚರಂಡಿಗೆ ಹೋಗುತ್ತದೆ, ಬಿಸಿಲಿಗೆ ಹೋಗುತ್ತದೆ, ಬೀದಿಯ ಹಕ್ಕು ಎಂಬ ದೊಡ್ಡ ಮಾತಿಗೆ ಹೋಗುತ್ತದೆ. ಕಾಗದದ ಮೇಲೆಯೂ ಇಷ್ಟು ಹೊತ್ತು ಅದನ್ನೇ ಮಾಡಿದ್ದೇನೆ. ಭಾನುವಾರ ಎರಡು ಬೀದಿಯ ಜನ ಕೂತಿರುತ್ತಾರೆ, ಶೆಟ್ಟರು ಮುಂದಿನ ಸಾಲಿನಲ್ಲೇ ಇರುತ್ತಾರೆ. ಆ ಮನೆಗಳನ್ನು ಕಟ್ಟಲಿ, ನೀರು ಸಾಲುತ್ತದೆ ಎಂದು ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಹೇಳಬೇಕಾದದ್ದು ಇನ್ನೊಂದಿದೆ. ಅದನ್ನು ಇಲ್ಲಿ ಒಮ್ಮೆ ಬರೆದರೆ ಅಲ್ಲಿ ಬಾಯಿಗೆ ಬಂದೀತು.

ಹುಲಿಗೆಮ್ಮನೂ ಅವಳಂಥವರೂ ನಮ್ಮ ಬೀದಿಯಲ್ಲಿ ಮನೆ ಮಾಡಿಕೊಂಡಿರುವುದು ನಮಗೆ ಬೇಡವಾಗಿತ್ತು — ನಮಗೆ ಅಲ್ಲ, ಮತ್ತೆ ತಪ್ಪಿದೆ. ನನಗೆ ಬೇಡವಾಗಿತ್ತು.